ಮುಂದಣ ಕಾಲದ ಮನೆವಾರ್ತೆ

ಪುಷ್ಪಕ ವಿಮಾನವು ಯಾವ ಎಣ್ಣೆಯನ್ನು ಸುಟ್ಟು ಹಾರುತ್ತಿತ್ತೆಂದು ನಮ್ಮ ಅಜ್ಜಿಯರನ್ನು ಯಾರೂ ಕೇಳಿದವರಲ್ಲ. ಅದು ದೇವತೆಗಳ ಸಾಧನ. ನೆನೆದಲ್ಲಿಗೆ ಹೋಗುವುದು ಅದರ ಗುಣ. ಎಷ್ಟು ಜನರು ಹತ್ತಿದರೂ ಇನ್ನೊಬ್ಬರಿಗೆ ಎಡೆಯಿರುವುದು ಅದರ ಮಹಿಮೆ. ಕಥೆ ಹೇಳುವವರೂ ಕೇಳುವವರೂ ಈ ಒಪ್ಪಂದಕ್ಕೆ ಒಳಪಟ್ಟೇ ಕುಳಿತುಕೊಳ್ಳುತ್ತಿದ್ದರು. ಈಗ ಸಂಜೆಯ ದೀಪ ಹಚ್ಚಿದ ಮೇಲೆ ನಮ್ಮ ಮಕ್ಕಳು ನೋಡುವ ಕಥೆಗಳ ರೀತಿಯೇ ಬೇರೆ. ಅಲ್ಲಿಯೂ ನಕ್ಷತ್ರದಿಂದ ನಕ್ಷತ್ರಕ್ಕೆ ನೆಗೆಯುವ ನೌಕೆಗಳುಂಟು, ಮಾತನಾಡುವ ಗೊಂಬೆಗಳುಂಟು, ಬೆಳಕಿನ ಖಡ್ಗಗಳುಂಟು. ಆದರೆ ಅವು ಯಾವ ದೇವತೆಯ ವರದಿಂದಲೂ ಬಂದವಲ್ಲ. ಬಹುಮಟ್ಟಿಗೆ ಇವೆಲ್ಲವೂ ಬುದ್ಧಿಯುಳ್ಳ ಜೀವಿಗಳು ತಮ್ಮ ಕೈಯಿಂದ ಕಟ್ಟಿದ ಯಂತ್ರಗಳೆಂದು ಆ ಕಥೆಗಳೇ ಹೇಳಿಕೊಳ್ಳುತ್ತವೆ. ಹಾಗೆ ಹೇಳಿಕೊಂಡ ಮೇಲೆ ಎಣ್ಣೆಯ ಪ್ರಶ್ನೆಯನ್ನು ಕೇಳುವ ಹಕ್ಕು ನಮಗೆ ಬರುತ್ತದೆ.

ಈ ತಿಂಗಳು ಆ ಪ್ರಶ್ನೆಯನ್ನೇ ಎತ್ತಿಕೊಂಡಿದ್ದೇವೆ. ಐಸಾಕ್ ಅಸಿಮೋವರು ೧೯೪೨ ನೆಯ ಇಸವಿಯಿಂದ ಅಮೆರಿಕಾದ ಮಾಸಪತ್ರಿಕೆಯೊಂದರಲ್ಲಿ ಬರೆಯತೊಡಗಿದ ‘ಫೌಂಡೇಶನ್’, ಫ್ರಾಂಕ್ ಹರ್ಬರ್ಟರು ೧೯೬೫ ರಲ್ಲಿ ಪ್ರಕಟಿಸಿದ ‘ಡ್ಯೂನ್’, ೧೯೬೬ ರಲ್ಲಿ ದೂರದರ್ಶನದಲ್ಲಿ ಆರಂಭವಾದ ‘ಸ್ಟಾರ್ ಟ್ರೆಕ್’, ೧೯೭೭ ರಲ್ಲಿ ಚಲಚ್ಚಿತ್ರವಾಗಿ ತೆರೆಗೆ ಬಂದ ‘ಸ್ಟಾರ್ ವಾರ್ಸ್’—ಇವು ಒಂದು ಪುಸ್ತಕಕ್ಕೆ, ಒಂದು ಚಿತ್ರಕ್ಕೆ ಮುಗಿಯದೆ ತಲೆಮಾರಿನಿಂದ ತಲೆಮಾರಿಗೆ ಬೆಳೆಯುತ್ತಲೇ ಬಂದಿರುವ ಕಥಾಮಾಲೆಗಳು. ಇವುಗಳಲ್ಲಿ ಕಾಣುವ ಯಂತ್ರೋನ್ನತಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು? ಇದು ಕೇವಲ ವಿನೋದದ ಪ್ರಶ್ನೆಯಲ್ಲ. ಮುಂದಿನ ಕಾಲವೆಂದರೆ ಹೇಗಿರುತ್ತದೆಂಬ ಚಿತ್ರವನ್ನು ಇಂದಿನ ಮಕ್ಕಳು ಪಾಠದ ಪುಸ್ತಕಕ್ಕಿಂತ ಹೆಚ್ಚಾಗಿ ಇಂತಹ ಕಥೆಗಳಿಂದಲೇ ಪಡೆಯುತ್ತಿದ್ದಾರೆ. ಮಳೆಗಾಲದ ಬಳಿಕ ಚಳಿಗಾಲವು ತಾನಾಗಿ ಬರುವಂತೆ ಪ್ರಗತಿಯೂ ತಾನಾಗಿ ಬರುತ್ತದೆಂದು ನಂಬಿ ಬೆಳೆದವರು, ಅದನ್ನು ಕಾಯುವ ಕಷ್ಟವನ್ನಾಗಲಿ ಅದಕ್ಕೆ ದಾರಿ ತೋರಿಸುವ ಹೊಣೆಯನ್ನಾಗಲಿ ಹೊರಲಾರರು.

ಹೆಣ್ಣು ಕೊಡುವವರು ವರನ ಮನೆಯ ಹಜಾರವನ್ನು ನೋಡಿ ಮರುಳಾಗದೆ ಅಡಿಗೆಮನೆಯನ್ನೂ ಹಿತ್ತಿಲನ್ನೂ ಒಮ್ಮೆ ನೋಡಿ ಬರುವುದು ವಾಡಿಕೆ. ಮುಂದಣ ಕಾಲದ ಕಥೆಗಳನ್ನೂ ಹಾಗೆಯೇ ನೋಡಬೇಕೆಂಬುದು ನಮ್ಮ ಅಭಿಪ್ರಾಯ. ಯಂತ್ರವು ಎಷ್ಟು ಅದ್ಭುತವಾಗಿದೆಯೆಂಬುದು ಹಜಾರದ ಅಲಂಕಾರ. ಅದನ್ನು ಯಾರು ಕಟ್ಟಿದರು, ಕೆಟ್ಟರೆ ಯಾರು ಸರಿಮಾಡುವರು, ಯಾರ ಕೈಗೆ ಅದು ಎಟುಕಲಿಲ್ಲ, ಅದು ಬಂದ ಮೇಲೆ ಮನೆಯ ಕೆಲಸವು ಯಾರ ಹೆಗಲಿಗೆ ಬಿತ್ತು ಎಂಬುದು ಹಿತ್ತಿಲಿನ ಸಂಗತಿ. ಹಿತ್ತಿಲನ್ನು ತೋರಿಸಲು ಹಿಂಜರಿಯದ ಕಥೆಯನ್ನು ನಂಬಬಹುದು.

ಮೊದಲು ಹಜಾರವನ್ನೇ ನೋಡೋಣ. ೧೯೦೩ ರಲ್ಲಿ ರೈಟ್ ಸೋದರರ ವಿಮಾನವು ನೆಲವನ್ನು ಬಿಟ್ಟು ಎದ್ದಿತು. ೧೯೬೯ ರಲ್ಲಿ ಮನುಷ್ಯನು ಚಂದ್ರನ ಮೇಲೆ ಕಾಲಿಟ್ಟನು. ನಡುವೆ ಕಳೆದುದು ೬೬ ವರ್ಷ. ಒಬ್ಬನೇ ಮನುಷ್ಯನ ಆಯುಷ್ಯಕ್ಕೆ ಒಳಪಟ್ಟ ಕಾಲ. ಇಂತಹ ವೇಗವನ್ನು ಕಣ್ಣಾರೆ ಕಂಡ ಲೇಖಕರು ಇದೇ ಗೆರೆಯನ್ನು ಮುಂದಕ್ಕೆ ಎಳೆದುದರಲ್ಲಿ ಆಶ್ಚರ್ಯವಿಲ್ಲ. ಆರ್ಥರ್ ಕ್ಲಾರ್ಕರೂ ಸ್ಟ್ಯಾನ್ಲಿ ಕುಬ್ರಿಕರೂ ಸೇರಿ ೧೯೬೮ ರಲ್ಲಿ ಹೊರತಂದ ‘೨೦೦೧’ ಎಂಬ ಪ್ರಸಿದ್ಧ ಚಿತ್ರದಲ್ಲಿ ಪ್ಯಾನ್ ಆಮ್ ಕಂಪೆನಿಯ ವಿಮಾನವು ಪ್ರಯಾಣಿಕನನ್ನು ಆಕಾಶದಲ್ಲಿ ತಿರುಗುವ ವಿಶಾಲವಾದ ನಿಲ್ದಾಣಕ್ಕೆ ಒಯ್ಯುತ್ತದೆ. ಚಂದ್ರನ ಮೇಲೆ ವಸಾಹತು ನೆಲೆಗೊಂಡಿದೆ. ನಿಜವಾದ ೨೦೦೧ ನೆಯ ವರ್ಷವು ಬಂದಾಗ ಪ್ಯಾನ್ ಆಮ್ ಕಂಪೆನಿಯು ಮುಚ್ಚಿ ಹತ್ತು ವರ್ಷಗಳಾಗಿದ್ದುವು. ಅಂತಾರಾಷ್ಟ್ರೀಯ ಆಕಾಶನಿಲ್ದಾಣದಲ್ಲಿ ಒಂದೊಂದು ತಂಡದಲ್ಲಿ ಮೂವರು ಮಾತ್ರ ವಾಸವಾಗಿದ್ದರು. ೧೯೭೨ ರ ಡಿಸೆಂಬರಿನಲ್ಲಿ ಚಂದ್ರನಿಂದ ಹಿಂದಿರುಗಿದ ಮೇಲೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅಲ್ಲಿ ಯಾರೂ ಕಾಲಿಡಲಿಲ್ಲ. ಶಬ್ದದ ಎರಡರಷ್ಟು ವೇಗದಲ್ಲಿ ಜನರನ್ನು ಒಯ್ಯುತ್ತಿದ್ದ ಕಾಂಕಾರ್ಡ್ ವಿಮಾನವು ೧೯೭೬ ರಲ್ಲಿ ಸೇವೆಗೆ ತೊಡಗಿ ೨೦೦೩ ರಲ್ಲಿ ನಿಂತುಹೋಯಿತು. ಇಂದು ನಾವು ವಿಮಾನವನ್ನೇರಿದರೆ ೧೯೭೦ ರ ಪ್ರಯಾಣಿಕನು ಹೋಗುತ್ತಿದ್ದುದಕ್ಕಿಂತ ಬೇಗನೆ ಊರು ಸೇರುವುದಿಲ್ಲ.

ಗಣಕಯಂತ್ರದ ವಿಷಯದಲ್ಲಿ ನಡೆದುದು ಇದಕ್ಕೆ ತೀರ ವಿರುದ್ಧ. ೧೯೭೧ ರಲ್ಲಿ ಇಂಟೆಲ್ ಕಂಪೆನಿಯವರು ಮಾರಿದ ಮೊದಲನೆಯ ಪುಟ್ಟ ಗಣಕ ಬಿಲ್ಲೆಯಲ್ಲಿ ಸುಮಾರು ೨,೩೦೦ ಟ್ರಾನ್ಸಿಸ್ಟರುಗಳಿದ್ದುವು. ಇಂದು ಜೇಬಿನಲ್ಲಿಟ್ಟುಕೊಳ್ಳುವ ಮೇಲ್ತರಗತಿಯ ಫೋನಿನ ಬಿಲ್ಲೆಯಲ್ಲಿ ಸಾವಿರ ಕೋಟಿಗೂ ಮೀರಿ ಇರುತ್ತವೆ. ಈ ಓಟವನ್ನು ಊಹಿಸಿದವರು ವಿರಳ. ‘೨೦೦೧’ ಚಿತ್ರದಲ್ಲಿ ಆಕಾಶನಿಲ್ದಾಣವನ್ನು ತಲುಪಿದ ತಂದೆಯೊಬ್ಬನು ಭೂಮಿಯಲ್ಲಿರುವ ಪುಟ್ಟ ಮಗಳೊಡನೆ ಮುಖ ನೋಡಿಕೊಂಡು ಮಾತನಾಡುತ್ತಾನೆ. ಆದರೆ ಅದಕ್ಕಾಗಿ ಒಂದು ಗೂಡಿನೊಳಗೆ ಕುಳಿತು, ಮಾತು ಮುಗಿದ ಮೇಲೆ ಹಣ ತೆರಬೇಕಾಗುತ್ತದೆ. ಇಂದು ಹಳ್ಳಿಯ ಜಗಲಿಯ ಮೇಲೆ ಕುಳಿತ ಅಜ್ಜಿಯು ಪರದೇಶದಲ್ಲಿರುವ ಮೊಮ್ಮಗುವಿನ ಹೊಸ ಹಲ್ಲನ್ನು ಅಂಗೈಯಲ್ಲೇ ನೋಡುತ್ತಾಳೆ. ಆಕಾಶನಿಲ್ದಾಣಕ್ಕೆ ಹೋಗುವುದು ಸುಲಭವಾಗಿ, ಮಾತನಾಡುವುದು ದುಬಾರಿಯಾಗಿ ಉಳಿದೀತೆಂದು ಚಿತ್ರವು ಎಣಿಸಿತು, ನಡೆದುದು ತಲೆಕೆಳಗು.

‘ಸ್ಟಾರ್ ಟ್ರೆಕ್’ ಕಥೆಯೂ ಹೀಗೆಯೇ ಎಡವಿತು, ಆದರೆ ಇನ್ನೊಂದು ದಿಕ್ಕಿನಲ್ಲಿ. ಇಪ್ಪತ್ತಮೂರನೆಯ ಶತಮಾನದ ನಾವಿಕರ ಕೈಯಲ್ಲಿ ಅದು ಮುಚ್ಚಳ ತೆರೆದು ಮಾತನಾಡುವ ಪುಟ್ಟ ಸಾಧನವೊಂದನ್ನು ಇಟ್ಟಿತು. ಕಥೆ ಆರಂಭವಾಗಿ ಏಳೇ ವರ್ಷಗಳಲ್ಲಿ, ೧೯೭೩ ರ ಏಪ್ರಿಲಿನಲ್ಲಿ, ಮಾರ್ಟಿನ್ ಕೂಪರ್ ಎಂಬ ಎಂಜಿನಿಯರರು ನ್ಯೂಯಾರ್ಕಿನ ಬೀದಿಯಲ್ಲಿ ನಿಂತು ಮೊದಲನೆಯ ಮೊಬೈಲು ಫೋನಿನಲ್ಲಿ ಮಾತನಾಡಿದರು. ಆ ಫೋನಿನ ತೂಕ ಒಂದು ಕಿಲೋಗ್ರಾಮಿಗಿಂತ ಹೆಚ್ಚು. ಆದರೂ ದಾರಿ ತೆರೆಯಿತು. ಮುನ್ನೂರು ವರ್ಷಗಳ ಆಚೆಗೆ ಇಟ್ಟ ವಸ್ತುವು ಆ ಕಥೆಯನ್ನು ನೋಡಿದ ಬಾಲಕರು ಮುದುಕರಾಗುವ ಮೊದಲೇ ಎಲ್ಲರ ಕೈಗೂ ಬಂದಿತು. ಅದೇ ಮಾಲೆಯ ಮುಂದಿನ ಕಥೆಗಳಲ್ಲಿ ಅಧಿಕಾರಿಗಳ ಮೇಜಿನ ಮೇಲೆ ಬರೆಯುವ ಹಲಗೆಯಂತಹ ಗಣಕಗಳು ಒಂದರ ಮೇಲೊಂದು ಪೇರಿಸಿರುವುದನ್ನು ಕಾಣುತ್ತೇವೆ. ವರದಿಗೊಂದು ಹಲಗೆ! ಒಂದೇ ಹಲಗೆಯಲ್ಲಿ ಒಂದು ಗ್ರಂಥಾಲಯವೇ ಅಡಗೀತೆಂಬುದು ಸಾಧನವನ್ನು ಕಲ್ಪಿಸಿದವರಿಗೆ ಹೊಳೆದಿದ್ದರೂ, ಕಾಗದದ ಕಂತೆಗಳ ನಡುವೆ ಬೆಳೆದ ಕೈಗೆ ಹೊಳೆಯಲಿಲ್ಲ.

ಇದರಿಂದ ಮೊದಲನೆಯ ಪಾಠವೊಂದು ದೊರೆಯುತ್ತದೆ. ಪ್ರಗತಿಯೆಂಬುದು ಒಂದೇ ಸಮನಾದ ಮೆಟ್ಟಿಲಸಾಲಲ್ಲ. ಒಂದು ಕಡೆ ಅದು ಹೊಳೆಯಂತೆ ಹರಿಯುತ್ತದೆ, ಇನ್ನೊಂದು ಕಡೆ ಕೆರೆಯಂತೆ ನಿಲ್ಲುತ್ತದೆ. ನಿಲ್ಲುವುದಕ್ಕೆ ಕಾರಣವು ಕೆಲವು ವೇಳೆ ಪ್ರಕೃತಿಯ ನಿಯಮ, ಕೆಲವು ವೇಳೆ ಹಣ, ಕೆಲವು ವೇಳೆ ಜನರ ಮನಸ್ಸು. ಚಂದ್ರಯಾನವು ನಿಂತುದು ವಿದ್ಯೆ ಮರೆತುದರಿಂದಲ್ಲ. ಅದಕ್ಕೆ ಹಣ ಕೊಡುವ ಆಸಕ್ತಿಯು ಪ್ರಭುತ್ವಕ್ಕೆ ಕುಗ್ಗಿದುದರಿಂದ. ಎಲ್ಲವೂ ಏಕಪ್ರಕಾರವಾಗಿ ಮುಂದೆ ಸಾಗಿರುವ ಲೋಕವನ್ನು ತೋರಿಸುವ ಕಥೆಯನ್ನು ಆ ಕಾರಣದಿಂದಲೇ ತುಸು ಸಂದೇಹದಿಂದ ನೋಡಬೇಕು.

ಪ್ರಕೃತಿಯ ನಿಯಮವೆಂದೆವಷ್ಟೆ. ನಕ್ಷತ್ರಯಾನದ ಕಥೆಗಳಿಗೆ ಅದು ಬಲು ದೊಡ್ಡ ಗೋಡೆ. ೧೯೭೭ ರಲ್ಲಿ ಹೊರಟ ವಾಯೇಜರ್ ಎಂಬ ಯಂತ್ರನೌಕೆಗಳಲ್ಲಿ ಮೊದಲನೆಯದು ಸೆಕೆಂಡಿಗೆ ಸುಮಾರು ೧೭ ಕಿಲೋಮೀಟರುಗಳಂತೆ ಓಡುತ್ತಿದೆ. ಸೂರ್ಯನನ್ನು ಬಿಟ್ಟರೆ ನಮಗೆ ಅತ್ಯಂತ ಸಮೀಪವಾದ ನಕ್ಷತ್ರಕ್ಕೆ ಬೆಳಕು ಹೋಗಿ ಮುಟ್ಟಲು ನಾಲ್ಕು ವರ್ಷ ಮೂರು ತಿಂಗಳು ಬೇಕು; ವಾಯೇಜರಿನ ವೇಗದಲ್ಲಿ ಅಷ್ಟು ದೂರ ಹೋಗಲು ಎಪ್ಪತ್ತು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಹಿಡಿದೀತು. ಬೆಳಕಿಗಿಂತ ವೇಗವಾಗಿ ಯಾವ ವಸ್ತುವೂ ಹೋಗಲಾರದೆಂಬುದು ಇಂದಿನ ಭೌತವಿಜ್ಞಾನದ ನಿಶ್ಚಿತವಾದ ಮಾತು. ೧೯೯೪ ರಲ್ಲಿ ಮೆಕ್ಸಿಕೋ ದೇಶದ ವಿಜ್ಞಾನಿ ಮಿಗೆಲ್ ಆಲ್ಕುಬಿಯೆರೆಯವರು, ನೌಕೆಯನ್ನು ಓಡಿಸುವ ಬದಲು ಅದರ ಸುತ್ತಣ ಆಕಾಶವನ್ನೇ ಕುಗ್ಗಿಸಿ ಹಿಗ್ಗಿಸುವ ಒಂದು ಬಗೆಯನ್ನು ಲೆಕ್ಕದಲ್ಲಿ ತೋರಿಸಿದರು. ಆದರೆ ಅದಕ್ಕೆ ಸೊನ್ನೆಗಿಂತ ಕಡಮೆಯಾದ ಶಕ್ತಿಯು ಅಪಾರವಾಗಿ ಬೇಕು. ಅದನ್ನು ಅಷ್ಟು ಪ್ರಮಾಣದಲ್ಲಿ ಕಂಡವರೂ ಇಲ್ಲ, ಕೂಡಿಸಿದವರೂ ಇಲ್ಲ.

ಹೀಗಿದ್ದರೂ ಕಥೆಗಾರನಿಗೆ ನಕ್ಷತ್ರಗಳು ಬೇಕು. ಆದುದರಿಂದ ಅವನು ವಾಚಕನ ನಂಬಿಕೆಯಿಂದ ಒಂದಿಷ್ಟು ಸಾಲ ಪಡೆಯುತ್ತಾನೆ. ಇದು ತಪ್ಪೆಂದು ನಾವು ಹೇಳುವುದಿಲ್ಲ. ಸಾಲವಿಲ್ಲದೆ ಮದುವೆ ಮಾಡಿದವರು ಎಷ್ಟು ಮಂದಿ? ಆದರೆ ಸಾಲಕ್ಕೆ ಮಿತಿ ಬೇಕು, ಬಡ್ಡಿ ಕಟ್ಟುವ ಮರ್ಯಾದೆಯೂ ಬೇಕು. ‘ಸ್ಟಾರ್ ಟ್ರೆಕ್’ ಕಥೆಯಲ್ಲಿ ಮನುಷ್ಯರನ್ನು ಕ್ಷಣಮಾತ್ರದಲ್ಲಿ ಕರಗಿಸಿ ಇನ್ನೊಂದೆಡೆ ಮೂಡಿಸುವ ಯಂತ್ರವೊಂದುಂಟು. ಪ್ರತಿ ವಾರವೂ ದೊಡ್ಡ ನೌಕೆಯು ನೆಲಕ್ಕಿಳಿಯುವುದನ್ನು ತೋರಿಸಲು ತಗಲುವ ವೆಚ್ಚವನ್ನು ತಾಳಲಾರದೆ ತಯಾರಕರು ಆ ಉಪಾಯವನ್ನು ಹೂಡಿದರು. ಇಂತಹ ಯಂತ್ರವಿದ್ದಲ್ಲಿ ವೈದ್ಯ, ನ್ಯಾಯ, ಸಾವು ಎಲ್ಲವೂ ಬೇರೆಯಾಗಬೇಕಾಗಿತ್ತು. ಕಥೆಯು ಆ ವಿಚಾರವನ್ನು ಆಗಾಗ ಮುಟ್ಟಿ, ಮುಂದಿನ ವಾರಕ್ಕೆ ಮರೆತುಬಿಡುತ್ತದೆ. ೨೦೧೧ ರಿಂದ ಪುಸ್ತಕಗಳಾಗಿಯೂ ೨೦೧೫ ರಿಂದ ೨೦೨೨ ರವರೆಗೆ ದೃಶ್ಯಮಾಲೆಯಾಗಿಯೂ ಬಂದ ‘ದಿ ಎಕ್ಸ್‌ಪ್ಯಾನ್ಸ್’ ಕಥೆಯ ಮನುಷ್ಯರಾದರೋ ಮೊದಮೊದಲು ಒಂದೇ ಸಾಲ ಪಡೆಯುತ್ತಾರೆ. ಅದು ಅತಿ ಮಿತವಾಗಿ ಇಂಧನವನ್ನುಣ್ಣುವ ಒಂದು ಎಂಜಿನು. ಮಿಕ್ಕುದೆಲ್ಲವೂ ಅದರ ಬಡ್ಡಿ. ವೇಗ ಹೆಚ್ಚಿದರೆ ಪ್ರಯಾಣಿಕರ ಮೈ ಜಜ್ಜಿಹೋಗುತ್ತದೆ. ಕಡಮೆ ಭಾರದ ಲೋಕದಲ್ಲಿ ಹುಟ್ಟಿ ಬೆಳೆದವರ ಎಲುಬು ಉದ್ದವಾಗಿ ನವುರಾಗುತ್ತದೆ. ಶನಿಗ್ರಹದ ಬಳೆಗಳಿಂದ ನೀರ್ಗಲ್ಲನ್ನು ಹೇರಿಕೊಂಡು ಬರುವ ಹಡಗು ತಪ್ಪಿದರೆ ಕ್ಷುದ್ರಗ್ರಹವಾಸಿಗಳ ಕೊಡ ಬತ್ತುತ್ತದೆ. ನೀರಿಗೂ ಉಸಿರಿಗೂ ಬೆಲೆ ಕಟ್ಟಿದ ಈ ಲೋಕವನ್ನು ನಮ್ಮ ಗೃಹಿಣಿಯರು ಎಂಜಿನಿನ ವಿವರ ತಿಳಿಯದೆಯೇ ನಂಬುತ್ತಾರೆ. ಬೇಸಗೆಯಲ್ಲಿ ನೀರಿನ ಗಾಡಿಗಾಗಿ ಕಾದವರಿಗೆ ಅದು ಅಪರಿಚಿತವಲ್ಲ.

ಇನ್ನು ಕಾಲದ ವಿಷಯ. ‘ಸ್ಟಾರ್ ವಾರ್ಸ್’ ನಡೆಯುವುದು ಬಹು ಹಿಂದೆ, ಬಹು ದೂರದಲ್ಲಿ. ನಮ್ಮ ಮುಂದಣ ಕಾಲವೆಂದು ಅದು ಹೇಳಿಕೊಂಡಿಲ್ಲ. ಆದರೂ ಯಂತ್ರಗಳಲ್ಲಿ ಬಹು ಮುಂದುವರಿದ ಲೋಕವೆಂದೇ ಎಲ್ಲರೂ ನೋಡುವುದರಿಂದ ಅದನ್ನು ಬಿಡಲಾಗದು. ಅಲ್ಲಿನ ಗಣರಾಜ್ಯವನ್ನು ಧರ್ಮಯೋಧರು ಸಾವಿರ ತಲೆಮಾರುಗಳಿಂದ ಕಾಯುತ್ತ ಬಂದರೆಂದು ಮೊದಲನೆಯ ಚಿತ್ರದಲ್ಲಿಯೇ ವೃದ್ಧನೊಬ್ಬನು ಹೇಳುತ್ತಾನೆ. ೨೦೦೩ ರಲ್ಲಿ ಬಂದ ಆ ಮಾಲೆಯ ಒಂದು ಗಣಕಕ್ರೀಡೆಯು ಚಿತ್ರದ ಘಟನೆಗಳಿಗೆ ಸುಮಾರು ನಾಲ್ಕು ಸಾವಿರ ವರ್ಷ ಹಿಂದೆ ನಡೆಯುತ್ತದೆ. ಅಲ್ಲಿಯೂ ಅದೇ ಬೆಳಕಿನ ಖಡ್ಗ, ಅದೇ ಬಗೆಯ ನೌಕೆ, ಅದೇ ಬಗೆಯ ಯಂತ್ರದಾಳು! ನಮ್ಮ ಲೆಕ್ಕದಲ್ಲಿ ನಾಲ್ಕು ಸಾವಿರ ವರ್ಷ ಹಿಂದೆ ಹೋದರೆ ಕಬ್ಬಿಣವಿನ್ನೂ ಬಳಕೆಗೆ ಬಾರದ ಕಂಚಿನ ಕಾಲವನ್ನು ಮುಟ್ಟುತ್ತೇವೆ. ಕ್ರೀಡೆಯ ಕಥೆಯನ್ನು ಈಗಿನ ಒಡೆಯರು ಅಧಿಕೃತ ಕಥಾವಳಿಯಿಂದ ಹೊರಗಿಟ್ಟಿದ್ದಾರೆ. ಆದರೂ ಸಾವಿರ ತಲೆಮಾರುಗಳ ಮಾತು ಉಳಿದೇ ಇದೆ. ಅಷ್ಟು ಕಾಲ ಎಲ್ಲವೂ ಹಾಗೆಯೇ ನಿಂತಿತೇಕೆ ಎಂಬುದಕ್ಕೆ ಕಥೆಯೊಳಗೆ ತೃಪ್ತಿಕರವಾದ ಉತ್ತರವಿಲ್ಲ.

ಉತ್ತರವನ್ನು ಹೇಳಲು ಬರುವುದಿಲ್ಲವೆಂದಲ್ಲ, ಹರ್ಬರ್ಟರು ಹೇಳಿದ್ದಾರೆ. ‘ಡ್ಯೂನ್’ ಕಥೆಯು ನಮ್ಮಿಂದ ಸುಮಾರು ಇಪ್ಪತ್ತು ಸಾವಿರ ವರ್ಷಗಳಾಚೆಗಿನದು. ಅಷ್ಟು ದೂರದ ಲೋಕದಲ್ಲಿ ಗಣಕಯಂತ್ರವೇ ಇಲ್ಲ. ಎಂದೋ ಒಂದು ಕಾಲದಲ್ಲಿ ಆಲೋಚಿಸುವ ಯಂತ್ರಗಳ ವಿರುದ್ಧವಾಗಿ ಜನರು ಬಂಡೆದ್ದು, ಮನುಷ್ಯನ ಮನಸ್ಸನ್ನು ಅನುಕರಿಸುವ ಯಂತ್ರವನ್ನು ಕಟ್ಟಬಾರದೆಂದು ಧರ್ಮಶಾಸನವನ್ನೇ ಮಾಡಿಕೊಂಡರು. ಅಂದಿನಿಂದ ಲೆಕ್ಕಕ್ಕೂ ಯೋಚನೆಗೂ ವಿಶೇಷವಾಗಿ ಪಳಗಿಸಿದ ಮನುಷ್ಯರೇ ಬೇಕಾದರು. ನಕ್ಷತ್ರಯಾನವು ಒಂದೇ ಗ್ರಹದಲ್ಲಿ ದೊರೆಯುವ ಒಂದು ದ್ರವ್ಯವನ್ನು ಅವಲಂಬಿಸಿತು. ಆ ಗ್ರಹಕ್ಕಾಗಿ ಅರಸರು ಕಾದಾಡಿದರು. ವೇಗವಾಗಿ ಬರುವ ಆಯುಧವನ್ನು ತಡೆದು ನಿಧಾನವಾಗಿ ಬರುವುದನ್ನು ಮಾತ್ರ ಒಳಗೆ ಬಿಡುವ ಕವಚವೊಂದು ಬಂದುದರಿಂದ ಕತ್ತಿಯ ಕಾಳಗವು ಮರಳಿ ಬಂದಿತು. ಇವುಗಳಲ್ಲಿ ಯಾವುದೂ ನಡೆಯಲಿದೆಯೆಂದು ನಾವು ಹೇಳಲಾರೆವು. ಆದರೆ ಒಂದಕ್ಕೊಂದು ಕಾರಣವಾಗಿ ಹೆಣೆದುಕೊಂಡಿರುವುದರಿಂದ ಇಪ್ಪತ್ತು ಸಾವಿರ ವರ್ಷಗಳಾಚೆಗಿನ ಕತ್ತಿಯು ನಮಗೆ ಅಸಂಬದ್ಧವೆನಿಸುವುದಿಲ್ಲ. ಜನರು ಬೇಡವೆಂದರೆ ಯಂತ್ರವು ನಿಲ್ಲಬಹುದು. ಈ ಮಾತನ್ನು ಇಷ್ಟು ಗಟ್ಟಿಯಾಗಿ ಹೇಳಿದ ಕಥೆಗಳು ಕೆಲವೇ.

ಜನರು ಮರೆತರೆ ಯಂತ್ರವು ಕೆಡಬಹುದೆಂಬುದನ್ನು ಅಸಿಮೋವರು ಹೇಳಿದರು. ಅವರ ಮಹಾಸಾಮ್ರಾಜ್ಯವು ಹನ್ನೆರಡು ಸಾವಿರ ವರ್ಷ ಆಳಿ ಕುಸಿಯುತ್ತಿದೆ. ೧೯೪೪ ರಲ್ಲಿ ಪ್ರಕಟವಾದ ಒಂದು ಭಾಗದಲ್ಲಿ ವ್ಯಾಪಾರಿಯೊಬ್ಬನು ಸಾಮ್ರಾಜ್ಯದ ಅಣುಶಕ್ತಿಯ ಮನೆಯೊಂದನ್ನು ಹೊಕ್ಕು ನೋಡುತ್ತಾನೆ. ಅದನ್ನು ನೋಡಿಕೊಳ್ಳುವವರು ವಂಶಪಾರಂಪರ್ಯವಾಗಿ ಆ ಹುದ್ದೆಗೆ ಬಂದವರು. ಒಂದು ಮುಖ್ಯವಾದ ಅಂಗವು ಸುಟ್ಟುಹೋದರೆ ಏನು ಮಾಡುವಿರೆಂದರೆ ಅವರಲ್ಲಿ ಉತ್ತರವಿಲ್ಲ. ಯಂತ್ರಗಳು ಎಂದೆಂದಿಗೂ ಇರುವಂತೆ ಕಟ್ಟಲ್ಪಟ್ಟಿವೆಯೆಂಬ ನಂಬಿಕೆಯೇ ಅವರ ವಿದ್ಯೆ. ೧೯೮೭ ರಲ್ಲಿ ಇಂಗ್ಲೆಂಡಿನಲ್ಲಿ ಮೇಜಿನ ಮೇಲೆ ಆಡುವ ಆಟವಾಗಿ ಹುಟ್ಟಿದ ‘ವಾರ್‌ಹ್ಯಾಮರ್ ೪೦,೦೦೦’ ಎಂಬ ಮಾಲೆಯು ಈ ಭಾವವನ್ನೇ ಉತ್ಪ್ರೇಕ್ಷೆಗೆ ಒಯ್ಯಿತು: ಅಲ್ಲಿ ಯಂತ್ರವನ್ನು ಸರಿಮಾಡುವವರು ಪೂಜಾರಿಗಳು, ಧೂಪ ಹಾಕಿ ಮಂತ್ರ ಹೇಳಿ ಎಂಜಿನನ್ನು ಎಬ್ಬಿಸುತ್ತಾರೆ.

ಇದು ಬರಿಯ ಕಲ್ಪನೆಯೆಂದು ನಗುವವರಿಗೆ ಚರಿತ್ರೆಯು ಸಾಕ್ಷಿ ಒದಗಿಸುತ್ತದೆ. ೧೯೦೧ ರಲ್ಲಿ ಗ್ರೀಸಿನ ಆಂಟಿಕಿಥೆರಾ ದ್ವೀಪದ ಬಳಿ ಮುಳುಗಿದ್ದ ಹಡಗಿನಿಂದ ಮೇಲೆತ್ತಿದ ಕಂಚಿನ ಯಂತ್ರವು ಎರಡು ಸಾವಿರ ವರ್ಷಗಳಷ್ಟು ಹಳೆಯದು. ಹಲ್ಲುಗಾಲಿಗಳಿಂದ ಸೂರ್ಯಚಂದ್ರರ ಗತಿಯನ್ನೂ ಗ್ರಹಣವನ್ನೂ ಅದು ಲೆಕ್ಕ ಹಾಕುತ್ತಿತ್ತು. ಅಷ್ಟು ಸೂಕ್ಷ್ಮವಾದ ಗಾಲಿಕೆಲಸವು ಯೂರೋಪಿನಲ್ಲಿ ಮತ್ತೆ ಕಾಣಿಸಿಕೊಳ್ಳಲು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು. ಅಷ್ಟು ದೂರವೇಕೆ? ನಮ್ಮ ‘ಉಕ್ಕು’ ಎಂಬ ಮಾತಿನಿಂದಲೇ ಬಂದುದೆಂದು ಹಲವು ವಿದ್ವಾಂಸರು ಎಣಿಸುವ ‘ವೂಟ್ಸ್’ ಎಂಬ ಹೆಸರಿನಿಂದ ದಕ್ಷಿಣ ಹಿಂದುಸ್ಥಾನದ ಮೂಸೆಯುಕ್ಕು ಪರದೇಶಗಳಲ್ಲಿ ಪ್ರಸಿದ್ಧವಾಗಿತ್ತು. ೧೮೦೦–೦೧ ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಬುಕಾನನ್ನರು ಇಲ್ಲಿನ ಉಕ್ಕಿನ ಕುಲುಮೆಗಳನ್ನು ವರ್ಣಿಸಿದ್ದಾರೆ. ಲಂಡನ್ನಿನಲ್ಲಿ ಮೈಕೇಲ್ ಫ್ಯಾರಡೆಯಂತಹ ವಿಜ್ಞಾನಿಯು ಅದರ ಗುಟ್ಟನ್ನರಿಯಲು ಪರೀಕ್ಷೆಗಳನ್ನು ನಡೆಸಿದನು. ಆ ಶತಮಾನವು ಮುಗಿಯುವಷ್ಟರಲ್ಲಿ ಪರದೇಶದ ಅಗ್ಗದ ಕಬ್ಬಿಣದ ಮುಂದೆ ಕುಲುಮೆಗಳು ಆರಿದುವು, ಕೈಯಿಂದ ಕೈಗೆ ಬಂದ ವಿದ್ಯೆಯೂ ಅವುಗಳೊಡನೆ ಹೋಯಿತು. ಬರೆದಿಡದ ವಿದ್ಯೆಗೆ ಒಂದು ತಲೆಮಾರಿನ ಅಲಕ್ಷ್ಯವೇ ಸಾಕು. ಈ ಸಂಗತಿಯನ್ನು ಬಲ್ಲ ಕನ್ನಡಿಗರಿಗೆ ಅಸಿಮೋವರ ಕಥೆಯು ದೂರದ್ದೆನಿಸಲಾರದು.

ಅಸಿಮೋವರಿಗೂ ಕಾಣದುದು ಬಹಳವಿತ್ತು. ಅವರು ಬರೆಯತೊಡಗಿದಾಗ ವಿದ್ಯುತ್ ಗಣಕಯಂತ್ರವು ಲೋಕಕ್ಕೆ ತಿಳಿದಿರಲಿಲ್ಲ. ಆದುದರಿಂದ ಸಾವಿರಾರು ವರ್ಷಗಳ ಬಳಿಕವೂ ಅವರ ಮಂತ್ರಿಗಳು ವೃತ್ತಪತ್ರಿಕೆಯನ್ನೋದುತ್ತ ಚುಟ್ಟ ಸೇದುತ್ತಾರೆ. ಆದರೆ ಅದೇ ೧೯೪೪ ರ ಭಾಗದಲ್ಲಿ ಅವರು ಅಡಿಗೆಮನೆಯನ್ನು ಮರೆಯಲಿಲ್ಲ. ಶತ್ರುದೇಶವೊಂದಕ್ಕೆ ವ್ಯಾಪಾರಿಯು ಮನೆಬಳಕೆಯ ಅಣುಶಕ್ತಿಯ ಸಾಮಾನುಗಳನ್ನು ಮೊದಲು ಮಾರಿರುತ್ತಾನೆ. ಯುದ್ಧ ಬಂದಾಗ ಅವನು ಕದನಕ್ಕೇ ಇಳಿಯುವುದಿಲ್ಲ. ತಿಂಗಳು ಕಳೆದಂತೆ ಆ ದೇಶದ ಮನೆಗಳಲ್ಲಿ ಚೂರಿಗಳು ಕೆಡುತ್ತವೆ, ಒಲೆಗಳು ಆರುತ್ತವೆ, ಬಟ್ಟೆ ಒಗೆಯುವ ಯಂತ್ರಗಳು ನಿಲ್ಲುತ್ತವೆ. ಸೋಲನ್ನು ತಾಳುವ ಜನರು ಈ ದಿನದಿನದ ಕಿರಿಕಿರಿಯನ್ನು ತಾಳರು. ಗೆಲವು ಸುಲಭವಾಗಿ ಬರುತ್ತದೆ. ಫಿರಂಗಿಗಿಂತ ಒಲೆಯ ಮೇಲೆ ರಾಜ್ಯವು ಹೆಚ್ಚು ನಿಂತಿದೆಯೆಂಬುದನ್ನು ಬಲ್ಲ ಲೇಖಕನ ಮುಂದಣ ಕಾಲಕ್ಕೆ ಬೇರು ಇರುತ್ತದೆ.

ಅಡಿಗೆಮನೆಯ ಮಾತು ಬಂದುದರಿಂದ ಮಿಕ್ಕ ಮನೆಗಳನ್ನೂ ನೋಡೋಣ. ‘ಸ್ಟಾರ್ ವಾರ್ಸ್’ ಚಿತ್ರಕ್ಕೆ ಇಲ್ಲಿ ನಾವು ಒಳ್ಳೆಯ ಅಂಕಗಳನ್ನು ಕೊಡಬೇಕು. ಕಾಲದ ಲೆಕ್ಕದಲ್ಲಿ ಸೋತ ಆ ಕಥೆಯು ಹಿತ್ತಿಲಿನಲ್ಲಿ ಗೆಲ್ಲುತ್ತದೆ. ಅದರ ನಾಯಕನು ಬೆಳೆದುದು ಮರಳುಗಾಡಿನಲ್ಲಿ ಗಾಳಿಯ ತೇವವನ್ನು ಹಿಂಡಿ ಬದುಕುವ ಒಕ್ಕಲಿನ ಮನೆಯಲ್ಲಿ. ಚಿಕ್ಕಪ್ಪನು ಗುಜರಿಯವರಿಂದ ಹಳೆಯ ಯಂತ್ರದಾಳನ್ನು ಚೌಕಾಶಿ ಮಾಡಿ ಕೊಳ್ಳುತ್ತಾನೆ; ನಾಲ್ಕು ಹೆಜ್ಜೆ ನಡೆಯುವುದರೊಳಗೆ ಅದರ ತಲೆಯಿಂದ ಹೊಗೆ ಬರುತ್ತದೆ. ಚಿಕ್ಕಮ್ಮನು ಅಡಿಗೆಮನೆಯಲ್ಲಿ ಕೆಲಸ ಮಾಡುತ್ತಾಳೆ. ಈ ವರ್ಷದ ಫಸಲು ಮುಗಿಯಲಿ, ಮುಂದಿನ ವರ್ಷ ಓದಲು ಹೋಗುವೆಯಂತೆ ಎಂಬ ಮಾತು ಊಟದ ಹೊತ್ತಿಗೆ ಬರುತ್ತದೆ. ಹಳತೂ ಹೊಸತೂ ಒಟ್ಟಿಗೆ ಬಾಳುವುದು ನಿಜವಾದ ಪ್ರಪಂಚದ ಲಕ್ಷಣ. ಎತ್ತಿನ ಗಾಡಿಯ ಪಕ್ಕದಲ್ಲಿ ಮೋಟಾರು ಓಡುವುದನ್ನು ನೋಡಿದ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

‘ಸ್ಟಾರ್ ಟ್ರೆಕ್’ ಕಥೆಯ ಇಪ್ಪತ್ತನಾಲ್ಕನೆಯ ಶತಮಾನದಲ್ಲಿ ಬೇಕೆಂದ ತಿಂಡಿಯನ್ನು ಬೇಕೆಂದ ಕ್ಷಣ ಮೂಡಿಸುವ ಯಂತ್ರವಿದೆ. ಆದರೂ ೧೯೯೦ ರಲ್ಲಿ ಪ್ರದರ್ಶಿತವಾದ ಒಂದು ಕಥೆಯಲ್ಲಿ, ನೌಕಾಧಿಪತಿಯ ಅಣ್ಣನು ಫ್ರಾನ್ಸಿನ ತನ್ನ ದ್ರಾಕ್ಷಿತೋಟದ ಮನೆಗೆ ಆ ಯಂತ್ರವನ್ನು ಸೇರಿಸಲು ಒಪ್ಪುವುದಿಲ್ಲ. ಮನೆಯಲ್ಲಿ ಅಡಿಗೆ ಕೈಯಿಂದಲೇ ಆಗಬೇಕೆಂಬುದು ಅವನ ಹಟ. ನಮಗೆ ಇದು ಆ ಮಾಲೆಯ ಅತ್ಯಂತ ನಂಬಲರ್ಹವಾದ ದೃಶ್ಯಗಳಲ್ಲಿ ಒಂದಾಗಿ ತೋರುತ್ತದೆ. ಯಂತ್ರವು ಬಂದ ಮಾತ್ರಕ್ಕೆ ಹಳೆಯ ಕೈಗಾರಿಕೆ ಅಳಿಯುವುದಿಲ್ಲ, ಅಗತ್ಯವಾಗಿದ್ದುದು ಆಯ್ಕೆಯಾಗುತ್ತದೆ. ಆದರೆ ನಮ್ಮ ವಾಚಕಿಯರು ಕೇಳಬಹುದಾದ ಪ್ರಶ್ನೆಯೊಂದುಂಟು: ಹಟ ಗಂಡನದಾದರೆ ಒಲೆಯ ಮುಂದೆ ನಿಲ್ಲುವವರು ಯಾರು? ಆ ಕಥೆಯಲ್ಲಿಯೂ ಹೆಂಡತಿಯೇ. ಅಮೆರಿಕಾದ ಚರಿತ್ರಕಾರರಾದ ರೂತ್ ಶ್ವಾರ್ಟ್ಸ್ ಕೋವನ್ ಎಂಬ ವಿದುಷಿಯವರು ೧೯೮೩ ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಈ ವಿಷಯವನ್ನು ಚೆನ್ನಾಗಿ ಶೋಧಿಸಿದ್ದಾರೆ. ಹೊಸ ಒಲೆ ಬಂದುದರಿಂದ ಗಂಡಸರು ಸೌದೆ ಸೀಳುವ ಕೆಲಸ ತಪ್ಪಿತು; ಬಟ್ಟೆ ಒಗೆಯುವ ಯಂತ್ರವು ಬಂದ ಮೇಲೆ ಒಗೆಯಬೇಕಾದ ಬಟ್ಟೆಯ ರಾಶಿಯೂ ಶುಭ್ರತೆಯ ಅಪೇಕ್ಷೆಯೂ ಬೆಳೆದುವು. ಮೈಮುರಿಯುವ ದುಡಿಮೆ ತಗ್ಗಿದರೂ ಗೃಹಿಣಿಗೆ ಬಿಡುವು ಹೆಚ್ಚಲಿಲ್ಲವೆಂಬುದು ಅವರ ನಿರ್ಣಯ. ಯಂತ್ರವು ಕೆಲಸವನ್ನು ಅಳಿಸುವುದಕ್ಕಿಂತ ಹೆಚ್ಚಾಗಿ ಅದನ್ನು ಹಂಚಿದ ಬಗೆಯನ್ನು ಬದಲಿಸುತ್ತದೆ. ಹಂಚಿಕೆಯು ನ್ಯಾಯವಾಗಿದೆಯೇ ಎಂಬುದನ್ನು ಮನೆಯವರೇ ಕುಳಿತು ನೋಡಬೇಕು, ಯಂತ್ರವು ನೋಡುವುದಿಲ್ಲ.

ಕೊನೆಯದಾಗಿ ಆಳುಗಳ ವಿಷಯ. ‘ಸ್ಟಾರ್ ವಾರ್ಸ್’ ಲೋಕದ ಯಂತ್ರದಾಳುಗಳು ಹೆದರುತ್ತವೆ, ಸ್ನೇಹ ಮಾಡುತ್ತವೆ, ಗೊಣಗುತ್ತವೆ. ಆದರೂ ಅವುಗಳನ್ನು ಮಾರುತ್ತಾರೆ, ಕೊಳ್ಳುತ್ತಾರೆ, ಅವುಗಳ ನೆನಪನ್ನು ಅಳಿಸಲು ಕಳುಹಿಸುತ್ತಾರೆ. ಪಾನಗೃಹದೊಳಕ್ಕೆ ಅವುಗಳಿಗೆ ಪ್ರವೇಶವಿಲ್ಲ. ಮೊದಲನೆಯ ಚಿತ್ರದಲ್ಲಿ ಒಳ್ಳೆಯವರೂ ಇದನ್ನು ಕುರಿತು ಒಂದು ಮಾತೆತ್ತುವುದಿಲ್ಲ. ‘ಸ್ಟಾರ್ ಟ್ರೆಕ್’ ೧೯೮೯ ರಲ್ಲಿ ಈ ಪ್ರಶ್ನೆಯನ್ನು ನೇರವಾಗಿ ನ್ಯಾಯಸ್ಥಾನಕ್ಕೆ ತಂದಿತು. ಮನುಷ್ಯಾಕೃತಿಯ ಯಂತ್ರಾಧಿಕಾರಿಯೊಬ್ಬನು ಸರ್ಕಾರದ ಸ್ವತ್ತೇ, ಅಥವಾ ತನ್ನ ದೇಹದ ಮೇಲೆ ತನಗೇ ಅಧಿಕಾರವುಳ್ಳ ವ್ಯಕ್ತಿಯೇ ಎಂಬ ವಾದವು ಅಲ್ಲಿ ನಡೆಯುತ್ತದೆ. ಬಿಚ್ಚಿ ನೋಡುವುದಕ್ಕೆ ಒಪ್ಪದಿರುವ ಹಕ್ಕು ಅವನಿಗುಂಟೆಂದು ತೀರ್ಪಾಗುತ್ತದೆ. ಮಾತನಾಡುವ ಗಣಕಯಂತ್ರಗಳು ನಮ್ಮ ಮಕ್ಕಳಿಗೆ ಪಾಠ ಹೇಳಿಕೊಡುತ್ತಿರುವ ಈ ದಿನಗಳಲ್ಲಿ, ಯಂತ್ರದ ಹಕ್ಕು ಏನಾದರೂ ಆಗಲಿ, ಆಜ್ಞೆ ಮಾಡುತ್ತ ಬೆಳೆಯುವ ಮಗುವಿನ ನಾಲಿಗೆಯು ಯಾವ ಅಭ್ಯಾಸಕ್ಕೆ ಬೀಳುತ್ತಿದೆಯೆಂಬುದು ತಂದೆತಾಯಿಗಳು ಯೋಚಿಸತಕ್ಕ ವಿಷಯವಾಗಿದೆ.

ಹಾಗಾದರೆ ಈ ಕಥೆಗಳನ್ನು ಮಕ್ಕಳು ನೋಡಬಹುದೇ? ಅವಶ್ಯವಾಗಿ ನೋಡಲಿ; ಹಿರಿಯರೂ ಜೊತೆಯಲ್ಲಿ ಕುಳಿತು ನೋಡಲಿ. ನೋಡಿ ಮುಗಿಸಿದ ಮೇಲೆ ಊಟಕ್ಕೆ ಕುಳಿತಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಆ ಲೋಕದಲ್ಲಿ ಯಾವುದು ಬದಲಾಗಿದೆ, ಯಾವುದು ಹಾಗೆಯೇ ನಿಂತಿದೆ, ನಿಂತುದಕ್ಕೆ ಕಾರಣವನ್ನು ಹೇಳಿದ್ದಾರೆಯೇ? ಆ ಯಂತ್ರವು ಕೆಟ್ಟರೆ ಸರಿಮಾಡಬಲ್ಲವರು ಅಲ್ಲಿ ಯಾರು, ಅವರಿಗೆ ಕಲಿಸಿದವರು ಯಾರು? ಅಲ್ಲಿ ಪಾತ್ರೆ ತೊಳೆಯುವವರು ಯಾರು? ಹತ್ತು ವರ್ಷದ ಮಗುವೂ ಇವಕ್ಕೆ ಉತ್ತರ ಹುಡುಕಬಲ್ಲದು. ಉತ್ತರವು ಕಥೆಯಲ್ಲಿ ದೊರೆಯದಿದ್ದರೆ, ತಾನಾಗಿದ್ದರೆ ಹೇಗೆ ಬರೆಯುತ್ತಿದ್ದೆನೆಂದು ಆಲೋಚಿಸುವುದಕ್ಕೆ ಅದಕ್ಕೆ ಎಡೆ ಸಿಕ್ಕುತ್ತದೆ.

ಇಷ್ಟು ಮಾಡಿದರೆ ಒಂದು ಸಂಗತಿಯು ಮಕ್ಕಳಿಗೆ ತಾನಾಗಿ ಹೊಳೆಯುವುದೆಂದು ನಮ್ಮ ನಂಬಿಕೆ. ಇಸವಿಯ ಅಂಕಿ ಮಾತ್ರ ದೊಡ್ಡದಾದರೆ ಕಾಲವು ಮುಂದುವರಿದಂತಾಗಲಿಲ್ಲ. ಯಾರೋ ಕಲಿತು, ಯಾರೋ ಕಲಿಸಿ, ಯಾರೋ ಹಣ ಕೊಟ್ಟು, ಯಾರೋ ದಿನವೂ ಎಣ್ಣೆ ಹಾಕಿ ಒರೆಸಿ ಕಾಯ್ದುದರಿಂದ ಅದು ಮುಂದುವರಿಯಿತು. ಅವರಲ್ಲಿ ಒಬ್ಬರು ಕೈ ಬಿಟ್ಟರೂ ಉಕ್ಕಿನ ಕುಲುಮೆಯಂತೆ ಆರೀತು. ಆ ಕೆಲಸವನ್ನು ಮುಂದೆ ಹೊರಬೇಕಾದವರು ಈಗ ನಮ್ಮ ಮನೆಯ ಚಾಪೆಯ ಮೇಲೆ ಕುಳಿತು ಕಥೆ ನೋಡುತ್ತಿದ್ದಾರೆ. ಅವರೊಡನೆ ಈ ಮಾತುಗಳನ್ನು ಆಡಲು ಈ ತಿಂಗಳ ರಜೆಯ ದಿನಗಳು ಅನುಕೂಲವಾಗಲೆಂದು ಹಾರೈಸುತ್ತೇವೆ.